ಓದುಗರ ಪ್ರಶ್ನೆ: ಕೋವಿ ತೋಟೆಗೆ ಡಬಲ್ ರೇಟು, ಅಂಗಡಿ ಬದಲಿಸ್ಲಾ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ ನಮ್ಮ ಅಡಕೆ, ಬಾಳೆ ತೋಟ. ಹಂದಿ ಕಾಟಕ್ಕೆ ಲೈಸೆನ್ಸಿನ ಜೋಡಿ ನಳಿಗೆ ಕೋವಿ ಉಂಟು, ಅಪ್ಪನ ಕಾಲದಿಂದ ಒಂದೇ ಅಂಗಡಿಯಿಂದ ತೋಟೆ ತರೋದು. ಈ ಸಲ ಸ್ಟಾಕ್ ಇಲ್ಲ ಇಲ್ಲ ಅಂತ ಓಡಾಡ್ಸಿ ಕಡೆಗೆ ಹೆಚ್ಚುಕಮ್ಮಿ ಡಬಲ್ ರೇಟ್ ಹೇಳಿದ್ರು. ಮಂಗ್ಳೂರಲ್ಲಿ ಕಮ್ಮಿಗೆ ಸಿಗ್ತದಂತೆ. ಹೋಗ್ಲಾ?

ಉತ್ತರ: ಸಿಟ್ಟು ಬರೋದೇ ಮಾರಾಯ್ರೇ, ಆದ್ರೆ ಮೊದ್ಲು ಒಂದು ಕೇಳಿ, ಅವರಿಗೆ ಬಂದ ರೇಟೇ ಜಾಸ್ತಿ ಆಗಿದ್ಯಾ? ನಮ್ಮಲ್ಲಿ ಹೆಚ್ಚಿನವರು ಕೇಳೋ 12 ಬೋರಿನ (ನಳಿಗೆಯ ಅಳತೆ ಅದು) ಶಕ್ತಿಮಾನ್ ಬ್ರಾಂಡಿನ ತೋಟೆ ಪುಣೆಯ ಖಡಕಿ ಸರಕಾರಿ ಫ್ಯಾಕ್ಟರಿದ್ದು, 2021ರಿಂದ ಅದು ಮ್ಯುನಿಷನ್ಸ್ ಇಂಡಿಯಾ ಅನ್ನೋ ಸರಕಾರಿ ಕಂಪೆನಿ ಕೆಳಗೆ ಉಂಟು, ಅಲ್ಲಿಂದ ಲೋಡ್ ಬಾರದಿದ್ರೆ ಅಂಗಡಿಯವ ಎಂತ ಮಾಡೋದು. ಹಳೆ ಸ್ಟಾಕಿಗೆ ಹೊಸ ರೇಟ್ ಹಾಕಿದ್ರೂ ಪೂರಾ ಮೋಸ ಅನ್ಲಿಕ್ಕಾಗುದಿಲ್ಲ, ಯಾಕಂದ್ರೆ ಇದನ್ನು ಮಾರಿದ ದುಡ್ಡಲ್ಲೇ ಅವ ಮುಂದಿನ ಲೋಡ್ ತರ್ಬೇಕು, ಅದು ದುಬಾರಿ ಆದ್ರೆ ಕೈಯಿಂದ ಹಾಕ್ಬೇಕು. ಆದ್ರೆ ಡಬಲ್? ಅದಕ್ಕೆ ಅವ ಬಾಯಿಬಿಟ್ಟು ಕಾರಣ ಹೇಳ್ಬೇಕು.

ಅಮೇರಿಕದಲ್ಲೂ ಹೀಗೇ ಆಗಿತ್ತು. 2012ರ ಕೊನೆಗೆ ಹೊಸ ಕಾನೂನು ಬರ್ತದೆ ಅಂತ ಹೆದರಿ ಜನ ಮುಗಿಬಿದ್ದು 2013ರಲ್ಲಿ ಪಾಯಿಂಟ್ ಟೂಟೂ (.22) ಅನ್ನೋ ಸಣ್ಣ ರೈಫಲ್ ಗುಂಡೇ ಸಿಕ್ತಿರ್ಲಿಲ್ಲ, 2020ರಲ್ಲಿ ಕೊರೋನಾ ಟೈಮಲ್ಲಿ ಪುನಃ ಅದೇ ಕಥೆ. ಕೆಲವು ಅಂಗಡಿ ರೇಟ್ ಏರಿಸಿದ್ವು, ಕೆಲವು ತಲೆಗೆ ಇಷ್ಟೇ ಪೆಟ್ಟಿಗೆ ಅಂತ ಮಿತಿ ಹಾಕಿದ್ವು. ನನಗೆ ಎರಡನೇದೇ ಸರಿ ಕಾಣ್ತದೆ. ರೇಟ್ ಏರಿಸಿದ್ರೆ ದುಡ್ಡಿದ್ದವ ಪೂರಾ ಬಾಚ್ಕೊಂಡು ಹೋಗ್ತಾನೆ, ಹತ್ತು ತೋಟೆ ಸಾಕು ಅನ್ನೋ ಕೃಷಿಕ ಬರಿಗೈ. ಸ್ವಲ್ಪ ಇದ್ದದ್ದನ್ನು ಹಂಚಿ ಕೊಟ್ಟವನನ್ನು ಗಿರಾಕಿ ಬಿಡುದಿಲ್ಲ, ಹಾಗಾಗಿ ಅದು ವ್ಯಾಪಾರಕ್ಕೂ ನಷ್ಟ ಅಲ್ಲ. ನಿಮ್ಮ ಅಂಗಡಿಯವರತ್ರ ನೇರ ಹೇಳಿ, ಪೂರ್ತಿ ಬೇಡ, ಹಳೆ ಗಿರಾಕಿ ಅಂತ ಸ್ವಲ್ಪ ಎಲ್‌ಜಿ (ದಪ್ಪ ಚರೆಯ ತೋಟೆ) ಸರಿಯಾದ ರೇಟಲ್ಲಿ ಕೊಡಿ ಅಂತ. ಆಗುದಿಲ್ಲ ಅಂದ್ರೆ ಅಪ್ಪನ ಕಾಲದ್ದು ಅಂತ ಕಟ್ಟಿಕೊಂಡು ಕೂರೋದೇನೂ ಬೇಡ.

ಮಂಗ್ಳೂರಿಗೆ ಹೋಗೋ ಮೊದ್ಲು ಲೈಸೆನ್ಸಲ್ಲಿ ಏರಿಯಾ ಎಂತ ಬರ್ದಿದೆ ನೋಡಿ, ಕೇರಳಕ್ಕೆ ಮಾತ್ರ ಇದ್ರೆ ತಲಪಾಡಿ ಗಡಿ ದಾಟಿಸಿ ತರೋದು ಕೇಸಿಗೆ ದಾರಿ. ಒಟ್ಟಿಗೆ ಎಷ್ಟು ಇಟ್ಕೊಳ್ಬಹುದು, ವರ್ಷಕ್ಕೆ ಎಷ್ಟು ಅನ್ನೋದೂ ಅದ್ರಲ್ಲೇ ಉಂಟು. ಪಕ್ಕದ ಮನೆಯಿಂದ ಕೈಸಾಲ ತರೋ ಯೋಚನೆಯಂತೂ ಬೇಡ. 2022ರಲ್ಲಿ ಕೇರಳ ಸರಕಾರ ಹಂದಿ ಹೊಡೆಯೋ ಆರ್ಡರ್ ಕೊಡೋ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿದೆ, ಆ ಆರ್ಡರ್ ಇಲ್ದೆ ಹೊಡೆಯೋದೂ ಬೇಡ.

ಪ್ರಶ್ನೆ: ಒಂದು ಅಂಗಡಿಯವರು ತೋಟೆ ಕಮ್ಮಿ ರೇಟಿಗೆ ಕೊಡ್ತೇನೆ, ಬಿಲ್ ಮಾತ್ರ ಕೇಳ್ಬೇಡಿ ಅಂತಾರೆ. ತಗೊಳ್ಬಹುದಾ? (ಪೆರ್ಲದಿಂದ)

ಉತ್ತರ: ಬೇಡ. ಅಂಗಡಿ ರಿಜಿಸ್ಟರಲ್ಲೂ ನಿಮ್ಮ ಲೈಸೆನ್ಸಲ್ಲೂ ಎಂಟ್ರಿ ಆಗದ ತೋಟೆ ಮನೇಲಿ ಇದ್ರೆ ಉತ್ರ ಹೇಳ್ಬೇಕಾದ್ದು ನೀವು. ಪೆಟ್ಟಿಗೆ ಮೇಲೆ ಎಂಆರ್‌ಪಿ ಇದ್ದು ಅದಕ್ಕಿಂತ ಜಾಸ್ತಿ ತಗೊಂಡ್ರೆ ಬಿಲ್ ಇಟ್ಕೊಂಡು ಗ್ರಾಹಕ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡಿ.