ಮಳೆಗಾಲ ಮುಗಿದ ಮೇಲೆ ರೈಫಲ್ ಗುರಿ ತಪ್ಪುತ್ತಿದೆ, ನಳಿಗೆ ಕತ್ತರಿಸೋಣ ಅಂತಾರೆ ರಿಪೇರಿಯವರು. ಒಪ್ಪಬಹುದಾ?

ನೀವು ಕೇಳಿದ್ದು ಇಷ್ಟು. ತೀರ್ಥಹಳ್ಳಿ ಕಡೆ ತೋಟದ ಮನೆ. ತಂದೆಯವರ .315 ಬೋರಿನ ರೈಫಲ್ ಈಗ ನಿಮ್ಮ ಹೆಸರಿನ ಲೈಸೆನ್ಸ್‌ನಲ್ಲಿದೆ. ಬೇಸಿಗೆಯಲ್ಲಿ ಗುರಿ ಅಭ್ಯಾಸದ ರೇಂಜಿನಲ್ಲಿ ಚೆನ್ನಾಗಿಯೇ ಹೊಡೆಯುತ್ತಿತ್ತು. ಈಗ ಐದು ಈಡು ಹೊಡೆದರೆ ಐದೂ ಒಂದೊಂದು ಕಡೆ. ಕೋವಿ ರಿಪೇರಿಯವರು ಮೂರು ಕೆಲಸ ಹೇಳಿದ್ದಾರೆ. ನಳಿಗೆಯ ತುದಿ ಎರಡು ಇಂಚು ಕತ್ತರಿಸಿ ಹೊಸ ಬಾಯಿ ಮಾಡುವುದು, ಮರದೊಳಗೆ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ಹಾಕಿ ರೈಫಲ್ ಕೂರಿಸುವುದು, ಆಮೇಲೆ ಪೂರ್ತಿ ಪಾಲಿಶ್ ಹೊಡೆದು ಮತ್ತೆ ಕಪ್ಪು ಬಣ್ಣ ಕಟ್ಟುವುದು. ಅವರ ಮಾತು ಕೇಳಬೇಕಾ ಬೇಡವಾ ಅಂತ ನಿಮ್ಮ ಪ್ರಶ್ನೆ.

ಕತ್ತರಿಸುವುದಕ್ಕೆ ಈಗ ಒಪ್ಪಬೇಡಿ ಮಾರಾಯ್ರೆ. ಎಪಾಕ್ಸಿ ಕೆಲಸವನ್ನು ಸದ್ಯಕ್ಕೆ ಮುಂದೂಡಿ. ಪಾಲಿಶ್ ಬೇಡವೇ ಬೇಡ. ಹಾಗಂತ ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನೀವು ಬರೆದದ್ದರಲ್ಲಿ ನನಗೆ ಕಸಿವಿಸಿಯಾದದ್ದು ಒಂದೇ ಒಂದು: ದೋಷ ಎಲ್ಲಿದೆ ಅಂತ ಅವರು ನಿಮಗೆ ತೋರಿಸಿಯೇ ಇಲ್ಲ. ಕೆಲಸದ ಪಟ್ಟಿ ಕೊಟ್ಟಿದ್ದಾರೆ, ಅಷ್ಟೇ.

ನಾನು ಹೊಸನಗರ ಕಡೆಯವನು. ನನ್ನ ರೈಫಲ್ ನೋಡುವವರು ಶಿವಮೊಗ್ಗದ ಒಬ್ಬ ಹಿರಿಯರು. ಕೈಗೆ ಕೊಟ್ಟ ಕೂಡಲೇ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆದು, ಗುಂಡಿನ ತೋಟಾ ಕೂರುವ ಚೇಂಬರಿಗೆ ಬೆರಳು ಹಾಕಿ ಖಾಲಿಯಿದೆಯಾ ಅಂತ ನೋಡುತ್ತಾರೆ. ಆಮೇಲೆ ನಳಿಗೆಯ ಬಾಯಿಗೆ ಟಾರ್ಚ್ ಬಿಟ್ಟು, ಗಡಿಯಾರ ರಿಪೇರಿಯವರ ಭೂತಗನ್ನಡಿಯನ್ನು ನನ್ನ ಕೈಗೇ ಕೊಡುತ್ತಾರೆ. ಕಡ್ಡಿಗೆ ಸ್ವಲ್ಪ ಹತ್ತಿ ಸುತ್ತಿ, ಬಾಯಿಯ ಅಂಚಿನಲ್ಲಿ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಎಳೆಯುತ್ತಾರೆ. ಅಂಚು ಎಲ್ಲಾದರೂ ಜಜ್ಜಿಹೋಗಿದ್ದರೆ ಹತ್ತಿಯ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸರಿಯಿದ್ದರೆ ಸುತ್ತಲೂ ನುಣ್ಣಗೆ ಜಾರುತ್ತದೆ. ನನ್ನದರಲ್ಲಿ ಜಾರಿತು. ‘ಬಾಯಿಗೆ ಏನೂ ಆಗಿಲ್ಲ, ಮರ ನೋಡೋಣ’ ಅಂದರು. ಅವತ್ತು ಒಂದು ಸ್ಕ್ರೂ ಬಿಗಿ ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಅಂಥವರು ನಾಳೆ ‘ಇದನ್ನು ಬದಲಾಯಿಸಲೇಬೇಕು’ ಅಂದರೆ ನಾನು ಎರಡನೇ ಮಾತು ಕೇಳುವುದಿಲ್ಲ.

ನಮ್ಮ ಮಲೆನಾಡಿನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಮರವನ್ನೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವಷ್ಟು ಮಳೆ ಸುರಿಯುತ್ತದೆ. ತೀರ್ಥಹಳ್ಳಿ ಅಲ್ಲಿಂದ ಎಷ್ಟು ದೂರ ಹೇಳಿ? ಜೂನ್ ಬಂತೆಂದರೆ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ರೈಫಲ್ಲಿನ ಮರವೂ ಹಾಗೇ. ನಮ್ಮ ಸರ್ಕಾರಿ ಆರ್ಡ್ನನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಯ .315 ಇರುವುದು ಹಳೇ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್ಲಿನ ಮಾದರಿಯಲ್ಲಿ. ಅದರಲ್ಲಿ ಭುಜಕ್ಕೆ ಕೊಡುವ ಹಿಡಿ ಬೇರೆ, ನಳಿಗೆಯ ಕೆಳಗಿನ ಮರ ಬೇರೆ. ಈ ಕೆಳಗಿನ ಮರ ಉಬ್ಬಿ ಒಂದು ಪಕ್ಕದಿಂದ ನಳಿಗೆಯನ್ನು ಒತ್ತಿದರೆ ಸಾಕು, ಏಟು ಬೀಳುವ ಜಾಗ ಬದಲಾಗುತ್ತದೆ. ಮರ ಒಣಗಿ ಕುಗ್ಗಿದಾಗ ಸ್ಕ್ರೂ ಸಡಿಲವಾಗಿ ಮತ್ತೊಂದು ತೊಂದರೆ.

ಖಾಲಿ ರೈಫಲ್ ಹಿಡಿದು ಇದನ್ನು ನೀವೇ ನೋಡಬಹುದು. ತೆಳು ಕಾಗದದ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ಕೆಲವು ರೈಫಲ್ಲುಗಳಲ್ಲಿ ಮರದ ಮುಂತುದಿ ನಳಿಗೆಗೆ ತಾಗುವಂತೆಯೇ ಮಾಡಿರುತ್ತಾರೆ. ಹಾಗಾಗಿ ಅಲ್ಲಿ ಕಾಗದ ತಡೆದರೆ ಗಾಬರಿ ಬೇಡ. ಆದರೆ ಎಡಗಡೆ ಸಲೀಸಾಗಿ ಹೋಗಿ ಬಲಗಡೆ ಕಚ್ಚಿದರೆ, ಅಲ್ಲಿ ಮರ ಒತ್ತುತ್ತಿದೆ ಅಂತಲೇ ಲೆಕ್ಕ.

ರೇಂಜಿನ ಕಾಗದವೂ ಬಹಳಷ್ಟು ಹೇಳುತ್ತದೆ. ಪ್ರತಿ ಈಡು ಬಿದ್ದ ಜಾಗಕ್ಕೆ ಒಂದು, ಎರಡು ಅಂತ ಅಂಕೆ ಬರೆಯುತ್ತಾ ಹೋಗಿ. ಮೊದಲ ಏಟಿನಿಂದ ಶುರುವಾಗಿ ಒಂದೇ ದಿಕ್ಕಿಗೆ ಸಾಲಾಗಿ ಸರಿಯುತ್ತಾ ಹೋದರೆ, ಬಿಸಿಯಾದ ನಳಿಗೆ ಮರಕ್ಕೆ ಒತ್ತಿಕೊಳ್ಳುತ್ತಿರುವ ಸಾಧ್ಯತೆ ಜಾಸ್ತಿ. ಗೊತ್ತುಗುರಿ ಇಲ್ಲದೆ ಚದುರಿದರೆ ಸಡಿಲ ಸ್ಕ್ರೂ, ಅಲ್ಲಾಡುವ ಸೈಟು (ಗುರಿ ನೋಡುವ ಭಾಗ), ಜಜ್ಜಿದ ಬಾಯಿ, ಇಲ್ಲವೇ ತೇವದಲ್ಲಿ ಬಿದ್ದಿದ್ದ ಹಳೇ ತೋಟಾ. ತೋಟಾ ಬದಲಾಯಿಸಿ ನೋಡಿದ್ದೀರಾ? ಪ್ರಶ್ನೆಯಲ್ಲಿ ಬರೆದಿಲ್ಲ. ಇಷ್ಟೆಲ್ಲ ಪರೀಕ್ಷೆ ರೇಂಜಿನಲ್ಲೇ ಆಗಬೇಕು, ಅಡಿಕೆ ತೋಟದಲ್ಲಿ ಅಲ್ಲ. .315ರ ಗುಂಡು ಕಿಲೋಮೀಟರ್ ದಾಟಿದ ಮೇಲೂ ಜೀವ ತೆಗೆಯುತ್ತದೆ. ಗುಡ್ಡದ ಆಚೆ ಯಾರ ಮನೆಯಿದೆ, ಯಾರು ಸೊಪ್ಪಿಗೆ ಹೋಗಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ.

ಈಗ ಕತ್ತರಿಸುವ ವಿಷಯ. ಬಾಯಿಯ ಅಂಚು ನಿಜವಾಗಿ ಹಾಳಾಗಿದ್ದರೂ ಅದನ್ನು ಸರಿಮಾಡಲು ಸಾಮಾನ್ಯವಾಗಿ ಕೂದಲೆಳೆಯಷ್ಟು ಲೋಹ ತೆಗೆದರೆ ಸಾಕು. ಎರಡು ಇಂಚು ಯಾಕೆ ಅಂತ ಅವರನ್ನೇ ಕೇಳಿ. ಮುಂದಿನ ಸೈಟು ಇರುವುದೇ ತುದಿಯಲ್ಲಿ. ಕತ್ತರಿಸಿದರೆ ಅದನ್ನು ಕಿತ್ತು ಮತ್ತೆ ನೇರಕ್ಕೆ ಕೂರಿಸಬೇಕು. ಅದು ಕೂದಲಷ್ಟು ವಾಲಿದರೂ ಮತ್ತೆ ಅದೇ ಗೋಳು. ಕತ್ತರಿಸಿದ ನಳಿಗೆಯನ್ನು ವಾಪಸ್ ಬೆಳೆಸುವುದಕ್ಕಂತೂ ಆಗುವುದಿಲ್ಲ.

ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 6ರ ಪ್ರಕಾರ, ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವಂತಿಲ್ಲ. ಮಾಮೂಲಿ ರಿಪೇರಿಗೂ ಸೆಕ್ಷನ್ 5ರಡಿ ಲೈಸೆನ್ಸ್ ಇರಬೇಕು. ಅವರ ಲೈಸೆನ್ಸ್ ತೋರಿಸಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ನಳಿಗೆಗೆ ಸಂಬಂಧಿಸಿದ ಏನೇ ಕೆಲಸವಿದ್ದರೂ ಮೊದಲು ಡಿಸಿ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ವಿಚಾರಿಸಿ. ಪಾಲಿಶ್ ಬೇಡ ಅಂದದ್ದೂ ಇದೇ ಕಾರಣಕ್ಕೆ. ಜೋರಾಗಿ ಉಜ್ಜಿದರೆ ರೈಫಲ್ ಮೇಲೆ ಕೊರೆದಿರುವ ನಂಬರ್ ಸವೆದುಹೋಗುತ್ತದೆ. ಆ ಗುರುತನ್ನು ಅಳಿಸುವುದು ಸೆಕ್ಷನ್ 8ರಡಿ ಅಪರಾಧ. ಚಂದಕ್ಕೋಸ್ಕರ ಸುಮ್ನೆ ಯಾಕೆ ಈ ರಗಳೆ?

ರಿಪೇರಿಯವರ ಮಾತನ್ನು ತಕ್ಷಣ ಕೇಳಲೇಬೇಕಾದ ಸಂದರ್ಭವೂ ಇದೆ. ಹೊಡೆದ ಖಾಲಿ ತೋಟಾವನ್ನು ಬೆಳಕಿಗೆ ಹಿಡಿದು ನೋಡಿ. ಹಿಂಬದಿಯ ಅಂಚಿಗಿಂತ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರದಂಥ ಗೆರೆ ಕಂಡರೆ, ಅಥವಾ ಅಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೆ, ತೋಟಾ ಒಳಗಡೆ ಹಿಗ್ಗಿ ಹರಿಯುವ ಹಂತಕ್ಕೆ ಬಂದಿರಬಹುದು. ಬೋಲ್ಟಿಗೂ ತೋಟಾಕ್ಕೂ ನಡುವೆ ಇರಬೇಕಾದ್ದಕ್ಕಿಂತ ಜಾಸ್ತಿ ಸಂದು ಬಿದ್ದಾಗ ಹೀಗಾಗುತ್ತದೆ. ಪೂರ್ತಿ ಹರಿದರೆ ಬಿಸಿ ಗ್ಯಾಸ್ ನಿಮ್ಮ ಮುಖದ ಕಡೆಗೇ ನುಗ್ಗುತ್ತದೆ. ಅದೇ ರೀತಿ ನಳಿಗೆ ಎಲ್ಲಾದರೂ ಉಬ್ಬಿದ್ದರೆ, ಬೋಲ್ಟಿನ ಹಲ್ಲಿನಲ್ಲಿ ಬಿರುಕಿದ್ದರೆ, ಅವರು ‘ಇನ್ನು ಒಂದು ಈಡೂ ಹೊಡೆಯಬೇಡಿ’ ಅನ್ನುತ್ತಾರೆ. ಆಗ ಹೊಡೆಯಲೇಬೇಡಿ. ಇನ್ನೊಬ್ಬರನ್ನು ಕೇಳುವುದಿದ್ದರೆ ಆಮೇಲೆ ಕೇಳಿ. ಖರ್ಚು, ಊರಿನವರ ಸಲಹೆ, ‘ಅಪ್ಪ ಇಷ್ಟು ವರ್ಷ ಹೊಡೆದಿದ್ದಾರಲ್ಲ’ ಅನ್ನುವ ಮಾತು, ಯಾವುದೂ ಅಲ್ಲಿ ಲೆಕ್ಕಕ್ಕೆ ಬರಬಾರದು.

ಇನ್ನೊಂದು ಮಾತು. ನಮ್ಮಲ್ಲಿ ತುಂಬಾ ಜನ ರೈಫಲ್‌ಗೆ ಕೊಬ್ಬರಿ ಎಣ್ಣೆ ಹಾಕುತ್ತಾರೆ. ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂರುವ ಎಣ್ಣೆ ಬೋಲ್ಟಿನ ಒಳಗೂ ಹಾಗೇ ಕೂರುತ್ತದೆ. ಕೋವಿಗೆಂದೇ ಸಿಗುವ ಎಣ್ಣೆ ತೆಳ್ಳಗೆ ಸವರಿ. ಮಳೆಗಾಲದಲ್ಲಿ ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹೀರಿ ಕಬ್ಬಿಣಕ್ಕೆ ಕೊಡುತ್ತದೆ. ಬೀಗ ಹಾಕಿದ ಒಣ ಕಪಾಟು ಒಳ್ಳೆಯದು. ಒರೆಸುವ ಕಂಬಿಯನ್ನು ಬಾಯಿಯ ಕಡೆಯಿಂದ ತೂರಿಸಬೇಡಿ. ಬೋಲ್ಟ್ ತೆಗೆದು ಹಿಂದಿನಿಂದ ಹಾಕಿ. ನಳಿಗೆಯ ಬಾಯಿ ಹಾಳಾಗುವುದು ಹೆಚ್ಚಾಗಿ ಆ ಕಂಬಿ ಉಜ್ಜಿಯೇ.

ಆದ್ದರಿಂದ ಇನ್ನೊಮ್ಮೆ ಅವರಲ್ಲಿಗೇ ಹೋಗಿ. ಅಂಕೆ ಬರೆದ ಕಾಗದ, ಖಾಲಿ ತೋಟಾ, ಲೈಸೆನ್ಸ್ ಮೂರನ್ನೂ ಜೊತೆಗೆ ಒಯ್ಯಿರಿ. ಎಲ್ಲಿ ದೋಷ, ತೋರಿಸಿ ಅನ್ನಿ. ಒಳ್ಳೆಯ ಕೆಲಸಗಾರ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ತೋರಿಸುತ್ತಾನೆ. ರೈಫಲ್ ಬಿಟ್ಟು ಬರುವುದಾದರೆ ನಂಬರ್, ತಾರೀಕು, ಮಾಡುವ ಕೆಲಸ ಬರೆದ ರಸೀದಿ ತೆಗೆದುಕೊಳ್ಳಿ. ಮೊದಲು ಸ್ಕ್ರೂ ಮತ್ತು ಸೈಟು ಬಿಗಿ ಮಾಡಿಸಿ, ನಳಿಗೆ ಚೊಕ್ಕ ಮಾಡಿಸಿ, ಹೊಸ ತೋಟಾದಲ್ಲಿ ಹೊಡೆದು ನೋಡಿ. ಜನವರಿ, ಫೆಬ್ರವರಿ ಹೊತ್ತಿಗೆ ಮರ ಪೂರ್ತಿ ಒಣಗಿರುತ್ತದೆ. ಆಗಲೂ ಚದುರಿದರೆ, ಮತ್ತು ಮರ ಒತ್ತುವ ಜಾಗವನ್ನು ಅವರು ನಿಮ್ಮ ಕಣ್ಣಿಗೆ ತೋರಿಸಿದರೆ, ಆ ಎಪಾಕ್ಸಿ ಕೆಲಸಕ್ಕೆ ಧೈರ್ಯವಾಗಿ ಕೊಡಿ. ನಮ್ಮ ಹವೆಗೆ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕೆಲಸ.