ಮೆಟ್ಟಿಲು ಹತ್ತಿದಾಗ ತಲೆ ಸುತ್ತುವುದೇಕೆ?

ಪ್ರ: ನನಗೆ 48 ವರ್ಷ. ದಿನಾ ಬೆಳಿಗ್ಗೆ ಪರ್ವತಿ ಗುಡ್ಡದ 103 ಮೆಟ್ಟಿಲನ್ನು ಒಂದೇ ಬಿರುಸಿನಲ್ಲಿ ಮೂರು ಸಲ ಹತ್ತಿ ಇಳಿಯುತ್ತೇನೆ. ಏದುಸಿರು ಬಂದಷ್ಟೂ ಮಿದುಳಿಗೆ ರಕ್ತ ಹೆಚ್ಚು ಹರಿಯುತ್ತದೆ ಎನ್ನುತ್ತಾರೆ ಜೊತೆಯವರು. ಆದರೆ ಮೇಲೆ ಹೋಗಿ ನಿಂತ ಕೂಡಲೇ ತಲೆ ಸುತ್ತುತ್ತದೆ.
– ಓದುಗರು (ಮಹಿಳೆ), ಸಹಕಾರನಗರ, ಪುಣೆ

ಉ: ಅವರ ಮಾತು ಅರ್ಧ ದಾರಿಯವರೆಗೆ ಸರಿ. ಶ್ರಮ ಹೆಚ್ಚಿದಂತೆ ಮಿದುಳಿನ ರಕ್ತಹರಿವು ಏರುತ್ತದೆ. ಆದರೆ ನಿಮ್ಮ ಗರಿಷ್ಠ ಶಕ್ತಿಯ ಸುಮಾರು ಶೇ. 60–70 ದಾಟಿದ ಮೇಲೆ ಮತ್ತೆ ಇಳಿಯತೊಡಗುತ್ತದೆ. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ರಕ್ತದಲ್ಲಿ ಅದು ಕಡಿಮೆಯಾದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಸಾಲದೆಂಬಂತೆ ನೀವು ತುದಿಯಲ್ಲಿ ತಟ್ಟನೆ ನಿಲ್ಲುತ್ತೀರಿ. ಹತ್ತುವಾಗ ಮೀನಖಂಡಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ನೂಕುತ್ತಿರುತ್ತವೆ. ನಿಂತರೆ ಪಂಪು ಬಂದ್. ರಕ್ತ ಕಾಲಿನಲ್ಲೇ ತಂಗಿ ಒತ್ತಡ ಕುಸಿಯುತ್ತದೆ.

ಮೊದಲು 5 ನಿಮಿಷ ಸಮತಟ್ಟಿನಲ್ಲಿ ನಡೆಯಿರಿ. ಹತ್ತುವಾಗ ಒಂದು ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು: ಅದೇ ಸರಿಯಾದ ವೇಗ. ನಾಡಿ ಎಣಿಸುವವರಾದರೆ, 208ರಿಂದ ವಯಸ್ಸಿನ 0.7 ಪಟ್ಟು ಕಳೆಯಿರಿ. ನಿಮಗೆ ಗರಿಷ್ಠ ನಾಡಿಬಡಿತ ಸುಮಾರು 174 ಬರುತ್ತದೆ, ಅದರ ಶೇ. 60–70 ಎಂದರೆ ನಿಮಿಷಕ್ಕೆ 104–122 ಬಡಿತ. ಉಸಿರು ಬಿಗಿಹಿಡಿಯಬೇಡಿ, ಒತ್ತಡ ಒಮ್ಮೆಲೇ ಜಿಗಿಯುತ್ತದೆ. ಮೇಲೆ ತಲುಪಿದ ಮೇಲೆ 3–5 ನಿಮಿಷ ಅಡ್ಡಾಡುತ್ತಲೇ ಇರಿ. ನಮ್ಮನ್ನು ಕೇಳಿದರೆ, ಮೂರು ಬಿರುಸಿನ ಸುತ್ತಿಗಿಂತ ಐದು ನಿಧಾನದ ಸುತ್ತು ಮೇಲು.

ಇಷ್ಟಾದರೂ ತಲೆ ಸುತ್ತಿದರೆ ರಕ್ತದೊತ್ತಡ, ಇಸಿಜಿ ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಈ ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಅಪರೂಪವೇನಲ್ಲ. ಎದೆ ಬಿಗಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪ್ರ: ವಯಸ್ಸು 54, ಬಿಪಿ ಮಾತ್ರೆ ನಡೆಯುತ್ತಿದೆ. ಬೆಳಿಗ್ಗೆ ಮುಕ್ಕಾಲು ಗಂಟೆ ವಾಕಿಂಗ್, ಆಮೇಲೆ ಲೋಕಲ್ ಹಿಡಿದು ಮುಂಬೈಯ ಫೋರ್ಟ್‌ನಲ್ಲಿ ಎಂಟು ಗಂಟೆ ಕುರ್ಚಿ. ಮಿದುಳಿನ ರಕ್ತಹರಿವಿಗೆ ವಾಕಿಂಗ್ ಒಂದೇ ಸಾಕೇ?
– ಓದುಗರು, ಡೊಂಬಿವಲಿ

ಉ: ವಾಕಿಂಗ್ ಬಿಡಬೇಡಿ. ದೇಹದ ತೂಕದಲ್ಲಿ ಮಿದುಳಿನದು ಶೇ. 2 ಮಾತ್ರ, ಆದರೂ ವಿಶ್ರಾಂತಿಯಲ್ಲಿ ಹೃದಯ ಹೊರಹಾಕುವ ರಕ್ತದ ಸುಮಾರು ಶೇ. 15 ಅದಕ್ಕೇ ಬೇಕು. ನಡುವಯಸ್ಸಿನಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಂದರೆ ಮಹಾಪಧಮನಿ, ಪೆಡಸಾಗತೊಡಗುತ್ತದೆ. ಮೊದಲು ತಾನೇ ಹೀರಿಕೊಳ್ಳುತ್ತಿದ್ದ ಪ್ರತಿ ಬಡಿತದ ಹೊಡೆತವನ್ನು ಈಗ ಮಿದುಳಿನ ಎಳೆನಾಳಗಳವರೆಗೆ ದಾಟಿಸುತ್ತದೆ. ಬಿಪಿ ಹೆಚ್ಚಿದ್ದರೆ ಹೊಡೆತವೂ ಹೆಚ್ಚು. ನಿಯಮಿತ ವ್ಯಾಯಾಮದಿಂದ ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ಉತ್ಪತ್ತಿಯಾಗಿ ನಾಳಗಳು ಸಡಿಲವಾಗಿರುತ್ತವೆ. ಆದರೆ ಮಾತ್ರೆಗೆ ಇದು ಬದಲಿಯಲ್ಲ.

ಕೊರತೆ ಇರುವುದು ಕುರ್ಚಿಯಲ್ಲಿ. ಲಿವರ್‌ಪೂಲ್‌ನ ಸಂಶೋಧಕರು 2018ರಲ್ಲಿ ಕಚೇರಿ ನೌಕರರನ್ನು ನಾಲ್ಕು ಗಂಟೆ ಕೂರಿಸಿ ನೋಡಿದರು: ಮಿದುಳಿನ ರಕ್ತಹರಿವು ಇಳಿಯಿತು. ಪ್ರತಿ 30 ನಿಮಿಷಕ್ಕೆ 2 ನಿಮಿಷ ನಡೆದಾಗ ಇಳಿಯಲಿಲ್ಲ. ಎರಡು ಗಂಟೆಗೊಮ್ಮೆ 8 ನಿಮಿಷ ನಡೆದಾಗ ಆ ಲಾಭ ಕಾಣಲಿಲ್ಲ. ಒಟ್ಟು ನಡಿಗೆ ಎರಡರಲ್ಲೂ ಅಷ್ಟೇ, ಗಮನಿಸಿ! ಹಾಗಾಗಿ ಚಿಕ್ಕ ಲೋಟ ಇಟ್ಟುಕೊಂಡು ನೀರಿಗೆ ಪದೇ ಪದೇ ಏಳಿ.

ನಿಮ್ಮ ಮಾತ್ರೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ, ನಾಡಿ ನಿಧಾನಿಸುವಂಥದ್ದಾದರೆ ನಾಡಿ ಅಷ್ಟಾಗಿ ಏರುವುದಿಲ್ಲ. ಕೈಗಡಿಯಾರದ ಸಂಖ್ಯೆ ನಂಬಿ ವೇಗ ಹೆಚ್ಚಿಸಬೇಡಿ, ಮೊದಲ ಉತ್ತರದಲ್ಲಿ ಹೇಳಿದ ಮಾತಿನ ಪರೀಕ್ಷೆಯನ್ನೇ (ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು) ನೋಡಿ. ಕುಳಿತಾಗಲೇ ಬಿಪಿ 180/110 ಮೀರಿದ್ದರೆ ಆ ದಿನ ವ್ಯಾಯಾಮ ಬೇಡ, ವೈದ್ಯರನ್ನು ಕಾಣಿ.

ಪ್ರ: ಮಳೆಗಾಲದಲ್ಲಿ ಓಟ ನಿಂತುಹೋಗುತ್ತದೆ. ಗಳಿಸಿದ್ದು ಹೋಗುತ್ತದೆಯೇ?
– ಓದುಗರು, ಮಡಗಾಂವ್

ಉ: ಬೇಗ ಹೋಗುತ್ತದೆ. ವರ್ಷಗಟ್ಟಲೆ ಓಡಿದ ಹಿರಿಯ ಓಟಗಾರರು ಬರೀ 10 ದಿನ ವ್ಯಾಯಾಮ ಬಿಟ್ಟಾಗ, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ಗೆ ಹರಿಯುವ ರಕ್ತ ಕಡಿಮೆಯಾಗಿತ್ತು. ನೆನಪಿನ ಶಕ್ತಿ ಮಾತ್ರ ಕುಗ್ಗಿರಲಿಲ್ಲ, ಗಾಬರಿ ಬೇಡ. ವಾರಕ್ಕೆ ಒಟ್ಟು 150 ನಿಮಿಷ ತುಂಬಿದರಾಯಿತು. ಮನೆಯ ಮೆಟ್ಟಿಲು, ನಿಂತಲ್ಲೇ ಜಾಗಿಂಗ್, ಯಾವುದಾದರೂ ಸರಿ. ಒದ್ದೆ ಮೆಟ್ಟಿಲಿನಲ್ಲಿ ಹವಾಯಿ ಚಪ್ಪಲಿ ಹಾಕಿ ಹತ್ತಬೇಡಿ.