ಕ್ಯಾಲಿಫೋರ್ನಿಯಾದ ಕೋಲ್ಮಾ ಅನ್ನೋ ಪುಟ್ಟ ಊರಲ್ಲಿ ಅಷ್ಟೊಂದು ಹೆಸರಾಂತರ ಸಮಾಧಿಗಳು ಯಾಕಿವೆ?

ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ತನ್ನೊಳಗೆ ಹೆಣ ಹೂಳುವುದನ್ನೇ ನಿಲ್ಲಿಸಿತು, ಅದಕ್ಕೆ. ನಗರ ಬೆಳೆದಂತೆ ಜಾಗದ ಬೆಲೆ ಏರಿತು. 1900ರಲ್ಲಿ ಹೊಸ ಸಮಾಧಿಗಳಿಗೆ ನಿಷೇಧ ಬಂತು. ಆಮೇಲೆ ಹಳೆಯವನ್ನೂ ತೆರವು ಮಾಡಿಸಿದರು. ಸಾವಿರಾರು ಜನರ ಅಸ್ಥಿಗಳು ಸ್ಯಾನ್ ಮಟೇಯೊ ಕೌಂಟಿಯ (ಅಂದರೆ ಜಿಲ್ಲೆಯ) ಕೋಲ್ಮಾಕ್ಕೆ ಬಂದವು.

ಸಮಾಧಿಯ ಕಲ್ಲು ಸಾಗಿಸುವ ಖರ್ಚು ಮಾತ್ರ ಕುಟುಂಬದವರದ್ದೇ. ಯಾರೂ ಕೇಳದೆ ಉಳಿದವನ್ನು ಒಡೆದು ಕಟ್ಟಡ ಕೆಲಸಕ್ಕೆ ಬಳಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಬ್ಯುನಾ ವಿಸ್ಟಾ ಪಾರ್ಕಿನ ನೀರಿನ ಕಾಲುವೆಯ ಅಂಚಲ್ಲಿ ಇವತ್ತಿಗೂ ಅರ್ಧ ಹೆಸರು, ತುಂಡು ಅಕ್ಷರ ಕಾಣುತ್ತವೆ. ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ. ಒಬ್ಬರ ನೆನಪಿಗೆ ಅಂತ ಇಟ್ಟ ಕಲ್ಲು ಅಲ್ವಾ?

ಮುಂದೆ ನಗರದ ದೊಡ್ಡವರೂ ಇಲ್ಲಿಗೇ ಬಂದರು: 1902ರಲ್ಲಿ ತೀರಿಕೊಂಡ, ಜೀನ್ಸ್ ಖ್ಯಾತಿಯ ಲೆವಿ ಸ್ಟ್ರಾಸ್, ಬೇಸ್‌ಬಾಲ್ ಆಟಗಾರ ಜೋ ಡಿಮಾಜಿಯೊ. ಡಿಮಾಜಿಯೊ ಸಮಾಧಿಗೆ ಅಭಿಮಾನಿಗಳು ಬ್ಯಾಟು, ಚೆಂಡು ತಂದಿಡುತ್ತಾರೆ. ಹಳೆಯ ಕಾಲದ ಪಶ್ಚಿಮ ಅಮೆರಿಕದ ಪೊಲೀಸ್ ಅಧಿಕಾರಿ ವಯಟ್ ಅರ್ಪ್ ಯೆಹೂದಿಯಲ್ಲ, ಆದರೂ ಯೆಹೂದಿ ಸ್ಮಶಾನದಲ್ಲಿದ್ದಾನೆ. ಹೆಂಡತಿ ಜೋಸೆಫಿನ್ ಯೆಹೂದಿ. 1929ರಲ್ಲಿ ಅವನು ತೀರಿಕೊಂಡ ಮೇಲೆ ಚಿತಾಭಸ್ಮವನ್ನು ಅವಳೇ ತನ್ನ ತವರಿನವರ ಜಾಗಕ್ಕೆ ತಂದಳು.